ಅಡಿಬರಹ ಮೊದಲು, ಬಿತ್ತನೆ ಆಮೇಲೆ

ರಾಗಿಯ ಬರ ಸಹಿಷ್ಣುತೆಯ ಕುರಿತು ಪಿಎಚ್.ಡಿ. ಮಾಡುವಾಗ ನಾನು ರೂಢಿಸಿಕೊಂಡ ಪದ್ಧತಿಯೆಂದರೆ, ಪ್ರಬಂಧದಲ್ಲಿ ಬರಬೇಕಾದ ಚಿತ್ರಗಳ ಅಡಿಬರಹವನ್ನು ಪ್ರಯೋಗ ಆರಂಭವಾಗುವ ಮುನ್ನವೇ ಬರೆದಿಡುವುದು. ‘ಜಿಪಿಯು-28 ತಳಿಯ ಎಲೆಗಳ ಸಾಪೇಕ್ಷ ಜಲಾಂಶ, ಪ್ರತಿ ಬಿಂದುವೂ ಆರು ಮಾದರಿಗಳ ಸರಾಸರಿ’ ಎಂದು ಬರೆಯಹೊರಟರೆ, ಮಾದರಿಯೆಂದರೆ ಗಿಡವೋ ಕುಂಡವೋ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಒಂದೇ ಕುಂಡದ ಮೂರು ಗಿಡಗಳು ಒಂದೇ ಮಣ್ಣಿನ ತೇವವನ್ನು ಹೀರುವುದರಿಂದಲೂ, ನೀರು ನಿಲ್ಲಿಸುವುದು ಇಡೀ ಕುಂಡಕ್ಕಾದ್ದರಿಂದಲೂ ಅವನ್ನು ಮೂರು ಸ್ವತಂತ್ರ ಮಾದರಿಗಳೆಂದು ಎಣಿಸುವಂತಿಲ್ಲ. ಬಿತ್ತನೆಗೆ ಮೊದಲೇ ಇದು ಹೊಳೆದರೆ ಕುಂಡಗಳ ಸಂಖ್ಯೆಯನ್ನು ಹೆಚ್ಚಿಸಿದರಾಯಿತು; ಲೇಖನವನ್ನು ಪರಿಶೀಲಿಸುವ ಪತ್ರಿಕೆಯ ವಿಮರ್ಶಕರು ಎತ್ತಿ ತೋರಿಸುವವರೆಗೆ ಕಾದರೆ ಇನ್ನೊಂದು ಹಂಗಾಮೇ ಬೇಕಾಗುತ್ತದೆ.

ಲೇಖಕರ ಹೆಸರುಗಳ ಅನುಕ್ರಮವನ್ನೂ ಹೀಗೆಯೇ ಮುಂಚಿತವಾಗಿ ಬರಹಕ್ಕಿಳಿಸುತ್ತೇನೆ. ಮಾರ್ಗದರ್ಶಕರ ಮುಂದೆ ಈ ಮಾತೆತ್ತಲು ನಮ್ಮಲ್ಲಿ ಸಂಕೋಚ ಸಹಜ. ಆದ್ದರಿಂದ ಲೇಖನದಲ್ಲಿ ಯಾರು ಯಾವ ಕೆಲಸ ಮಾಡಿದರೆಂದು ತಿಳಿಸಲು ಅನೇಕ ಸಂಶೋಧನಾ ಪತ್ರಿಕೆಗಳು ಬಳಸುವ ‘ಕ್ರೆಡಿಟ್’ ವರ್ಗೀಕರಣದ 14 ಪಾತ್ರಗಳನ್ನು, ಅಂದರೆ ಪರಿಕಲ್ಪನೆ, ವಿಶ್ಲೇಷಣೆ, ಮೊದಲ ಕರಡು ಮುಂತಾದವನ್ನು, ಒಂದು ಹಾಳೆಯಲ್ಲಿ ಪಟ್ಟಿಮಾಡಿ, ಎದುರಿಗೆ ಹೆಸರುಗಳನ್ನು ತುಂಬಿ, ‘ಸರ್, ಇದನ್ನೊಮ್ಮೆ ತಿದ್ದಿಕೊಡಿ’ ಎಂದು ಕೇಳುತ್ತಿದ್ದೆ. ತಿದ್ದುವ ನೆಪದಲ್ಲಿ ಚರ್ಚೆ ಮುಗಿಯುತ್ತಿತ್ತು. ಆದರೂ ಆ ಪಟ್ಟಿಯ ‘ಮೇಲ್ವಿಚಾರಣೆ’ ಎಂಬ ಕಲಂ ಯಾರನ್ನು ಬೇಕಾದರೂ ಒಳಗೆ ಬಿಟ್ಟುಕೊಳ್ಳುವಷ್ಟು ಉದಾರವಾಗಿದೆಯೆಂಬುದನ್ನು ಒಪ್ಪಲೇಬೇಕು.

ಪತ್ರಿಕೆಯ ಆಯ್ಕೆಯ ಹೊಣೆ ಈಗ ಸಂಶೋಧಕರ ಮೇಲೆಯೇ ಹೆಚ್ಚಾಗಿ ಬಿದ್ದಿದೆ. ಪ್ರೌಢಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿಯಲ್ಲಿ ಕೈಬಿಟ್ಟಿತು. ತಾನು ಮಾನ್ಯಮಾಡಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿತು. ನಾನು ಮೊದಲು ನೋಡುವುದು ನನ್ನದೇ ಕರಡಿನ ಉಲ್ಲೇಖಗಳನ್ನು: ಅಲ್ಲಿ ಮತ್ತೆ ಮತ್ತೆ ಬರುವ ಪತ್ರಿಕೆಗಳ ಓದುಗರೇ ನನ್ನ ಓದುಗರೂ ಆಗಿರುತ್ತಾರೆ. ಪರಿಚಯವಿಲ್ಲದ ಪತ್ರಿಕೆಯಾದರೆ ಸಂಪಾದಕ ಮಂಡಳಿಯ ಒಬ್ಬಿಬ್ಬರ ಸಂಸ್ಥೆಯ ಪುಟವನ್ನು ತೆರೆದು, ಅವರು ಈ ಹುದ್ದೆಯನ್ನು ಅಲ್ಲಿ ಹೇಳಿಕೊಂಡಿದ್ದಾರೆಯೇ ಎಂದು ಪರಿಶೀಲಿಸುತ್ತೇನೆ; ಪ್ರಕಟಣಾ ಶುಲ್ಕವೆಷ್ಟೆಂಬುದು ಸಲ್ಲಿಕೆಗೆ ಮೊದಲೇ ಸ್ಪಷ್ಟವಾಗಿ ಕಾಣದಿದ್ದರೆ ಅಲ್ಲಿಗೇ ಕೈಬಿಡುತ್ತೇನೆ. ನಮ್ಮ ‘ಅಮೂಲ್ಯ ಕೊಡುಗೆ’ಯನ್ನು ಹೊಗಳಿ ವಾರದೊಳಗೆ ಸ್ವೀಕೃತಿಯ ಭರವಸೆ ಕೊಡುವ ಇ-ಮೇಲ್‌ಗಳಿಗೆ ಉತ್ತರಿಸುವ ಅಗತ್ಯವಿಲ್ಲ.

ಪತ್ರಿಕೆಗೆ ಕಳುಹಿಸುವ ದಿನವೇ ಹಸ್ತಪ್ರತಿಯನ್ನು, ವಿಮರ್ಶೆಗೆ ಮುನ್ನವೇ ಜೀವವಿಜ್ಞಾನದ ಲೇಖನಗಳನ್ನು ಎಲ್ಲರೂ ಓದುವಂತೆ ಇಡುವ ಬಯೋಆರ್ಕೈವ್ ಜಾಲತಾಣದಲ್ಲಿ ಹಾಕುತ್ತೇನೆ; ಸಹಲೇಖಕರ ಒಪ್ಪಿಗೆಯೂ ಪತ್ರಿಕೆಯ ನೀತಿಯೂ ಮೊದಲೇ ಖಚಿತವಾಗಿದ್ದರೆ ಇದರಲ್ಲಿ ತೊಡಕಿಲ್ಲ.

ವಿಮರ್ಶೆ ಬಂದಾಗ ಮಾತ್ರ ಅವಸರಪಡುವುದಿಲ್ಲ. ಒಮ್ಮೆ ಓದಿ ಪಕ್ಕಕ್ಕಿಟ್ಟು, ಸಿಟ್ಟಿಳಿದ ಬಳಿಕ ಪ್ರತಿಯೊಂದು ಟಿಪ್ಪಣಿಯನ್ನೂ ಇದ್ದದ್ದು ಇದ್ದ ಹಾಗೆ ಹೊಸ ಕಡತಕ್ಕೆ ನಕಲಿಸಿ, ಅದರ ಕೆಳಗೆ ನೀಲಿ ಅಕ್ಷರದಲ್ಲಿ ಉತ್ತರವನ್ನೂ ತಿದ್ದುಪಡಿಯಾದ ಸಾಲಿನ ಸಂಖ್ಯೆಯನ್ನೂ ಕೊಡುತ್ತೇನೆ. ಒಪ್ಪದ ಕಡೆ ಒಪ್ಪಿಲ್ಲವೆಂದೇ ಬರೆದು, ಅದಕ್ಕೆ ಆಧಾರವಾದ ದತ್ತಾಂಶವನ್ನು ಅಲ್ಲಿಯೇ ಲಗತ್ತಿಸುತ್ತೇನೆ.