ಅಮೆರಿಕದಲ್ಲಿ ಮೊದಲ ಮನೆ: ಕ್ಲೋಸಿಂಗ್ ಕಾಸ್ಟ್ ಲೆಕ್ಕ ನಾನು ಹಾಕಿದ್ದು ಹೀಗೆ

ಮನೆ ತಗೊಳೋಕೆ ಹೊರಟಾಗ ಎಲ್ರೂ ಮಾತಾಡೋದು ಇಂಟರೆಸ್ಟ್ ರೇಟ್ ಮತ್ತೆ ಡೌನ್ ಪೇಮೆಂಟ್ ಬಗ್ಗೆ. ಕ್ಲೋಸಿಂಗ್ ಕಾಸ್ಟ್, ಅಂದ್ರೆ ಮನೆ ನಮ್ಮ ಹೆಸರಿಗಾಗೋ ದಿನ (ಕ್ಲೋಸಿಂಗ್) ಡೌನ್ ಪೇಮೆಂಟ್ ಬಿಟ್ಟು ಕಟ್ಬೇಕಾದ ಫೀಸು-ಖರ್ಚು, ಎಷ್ಟಾಗುತ್ತೆ ಅಂತ ಕೇಳಿದ್ರೆ "ಮನೆ ಬೆಲೆಯ 2ರಿಂದ 5 ಪರ್ಸೆಂಟ್ ಇಟ್ಕೊಳ್ಳಿ" ಅಂತಾರೆ, ಅಲ್ಲಿಗೆ ಮುಗೀತು. ಅದ್ರೊಳಗೆ ಏನೇನಿದೆ ಅಂತ ಒಂದೊಂದಾಗಿ ಬಿಡಿಸಿ ನೋಡಿದ್ಮೇಲೇನೇ ನನಗೆ ಸಹಿ ಹಾಕೋ ಧೈರ್ಯ ಬಂದಿದ್ದು.

ಮನೆ ಗೊತ್ತಾದ ಕೂಡ್ಲೇ ಬೇರೆ ಬೇರೆ ಲೆಂಡರ್ (ಸಾಲ ಕೊಡೋರು) ಹತ್ರ ಒಟ್ಟಿಗೇ ಅಪ್ಲೈ ಮಾಡ್ದೆ. ಕ್ರೆಡಿಟ್ ಸ್ಕೋರ್ ಬಿದ್ದೋಗುತ್ತೆ ಅಂತ ಹೆದರೋರು ಜಾಸ್ತಿ, ಆದ್ರೆ ಮಾರ್ಟ್‌ಗೇಜ್‌ಗೆ (ಮನೆ ಸಾಲಕ್ಕೆ) ಅಂತ 45 ದಿನದೊಳಗೆ ಎಷ್ಟು ಲೆಂಡರ್ ಚೆಕ್ ಮಾಡಿದ್ರೂ ಒಂದೇ ಎನ್‌ಕ್ವೈರಿ ಅಂತ ಲೆಕ್ಕ. ಅಪ್ಲಿಕೇಶನ್ ಸಿಕ್ಕಿ 3 ಬಿಸಿನೆಸ್ ದಿನದೊಳಗೆ ಅವರು ಲೋನ್ ಎಸ್ಟಿಮೇಟ್, ಅಂದ್ರೆ ಸಾಲದ ರೇಟು, ಖರ್ಚಿನ ಅಂದಾಜು ಪಟ್ಟಿ ಕಳಿಸ್ಲೇಬೇಕು. 3 ಪೇಜು, ಎಲ್ಲರದ್ದೂ ಒಂದೇ ಫಾರ್ಮ್ಯಾಟ್, ಪಕ್ಕಪಕ್ಕ ಇಟ್ಕೊಂಡು ನೋಡ್ಬಹುದು.

ಅಸಲಿ ವಿಷಯ ಇರೋದು 2ನೇ ಪೇಜಲ್ಲಿ. ಒಬ್ಬ ಲೆಂಡರ್‌ದು ಕೊನೇ ಟೋಟಲ್ ಚೆನ್ನಾಗೇ ಕಮ್ಮಿ ಇತ್ತು, ಯಾರೇ ನೋಡಿದ್ರೂ ಇದೇ ಸೋವಿ ಅನ್ಬೇಕು. ಮೇಲಿಂದ ಸಾಲು ಸಾಲಾಗಿ ಓದ್ತಾ ಬಂದ್ರೆ ಅವರು ಎಸ್ಕ್ರೋಗೆ (ಟ್ಯಾಕ್ಸು, ಇನ್ಶೂರೆನ್ಸ್ ಕಟ್ಟೋಕೆ ಅಂತ ನಮ್ಮ ದುಡ್ಡು ಎತ್ತಿಡೋ ಖಾತೆಗೆ) ಅಂತ ಹಾಕಿದ್ದ ಪ್ರಾಪರ್ಟಿ ಟ್ಯಾಕ್ಸು, ಮನೆ ಇನ್ಶೂರೆನ್ಸು ಎರಡೂ ತೀರಾ ಕಮ್ಮಿ. ಆ ದುಡ್ಡು ಲೆಂಡರ್ ಜೇಬಿಗೆ ಹೋಗೋದೇ ಅಲ್ಲ, ಕೌಂಟಿಗೂ ಇನ್ಶೂರೆನ್ಸ್ ಕಂಪನಿಗೂ ಹೋಗೋದು, ಸಾಲ ಯಾರ ಹತ್ರ ತಗೊಂಡ್ರೂ ಟ್ಯಾಕ್ಸ್ ಅಷ್ಟೇ ಕಟ್ಬೇಕು ತಾನೆ? ಲೆಂಡರ್ ತನಗೇ ಅಂತ ತಗೊಳೋದು ಇರೋದು ಎ ಸೆಕ್ಷನ್ನಲ್ಲಿ, ಆರಿಜಿನೇಶನ್ ಚಾರ್ಜಸ್ ಅಂತ, ಅದನ್ನ ಮಾತ್ರ ಹೋಲಿಸಿದ್ರೆ ಆ ಸೋವಿ ಲೆಂಡರ್‌ದೇ ಜಾಸ್ತಿ ಇತ್ತು, ಯಾಕಂದ್ರೆ ರೇಟ್ ಕಮ್ಮಿ ಕಾಣ್ಲಿ ಅಂತ 1 ಪಾಯಿಂಟ್ ಸೇರಿಸಿದ್ರು.

1 ಪಾಯಿಂಟ್ ಅಂದ್ರೆ ಸಾಲದ 1 ಪರ್ಸೆಂಟ್. 30 ವರ್ಷದ 4 ಲಕ್ಷ ಡಾಲರ್ ಸಾಲಕ್ಕೆ 4,000 ಡಾಲರ್ ಮುಂಗಡ ಕೊಟ್ಟು ರೇಟು 6.75ರಿಂದ 6.5ಕ್ಕೆ ಇಳಿದ್ರೆ ತಿಂಗಳ ಕಂತಲ್ಲಿ ಉಳಿಯೋದು ಸುಮಾರು 66 ಡಾಲರ್. ಕೊಟ್ಟಿದ್ದು ವಾಪಸ್ ಬರೋಕೇ 5 ವರ್ಷ ಬೇಕು, ಅಷ್ಟರೊಳಗೆ ಮನೆ ಮಾರಿದ್ರೆ ಅಥವಾ ರೀಫೈನಾನ್ಸ್ ಮಾಡಿದ್ರೆ (ಹೊಸ ಸಾಲ ತಗೊಂಡು ಹಳೇದು ತೀರಿಸಿದ್ರೆ) ಲಾಸು. ನಾನು ಪಾಯಿಂಟ್ ಬೇಡ ಅಂದೆ. ಎ ಸೆಕ್ಷನ್ ಕಮ್ಮಿ ಇದ್ದ ಎಸ್ಟಿಮೇಟನ್ನ ಉಳಿದವರಿಗೆ ಕಳಿಸಿ "ಇದಕ್ಕೆ ಮ್ಯಾಚ್ ಮಾಡ್ತೀರಾ" ಅಂತ ಕೇಳ್ದೆ, ಒಬ್ರು ಮಾಡಿದ್ರು. ಕೇಳೋಕೆ ಸಂಕೋಚ ಬೇಡ್ವೇ ಬೇಡ, ಅವರಿಗಿದು ದಿನಾ ಇರೋದೇ.

ಸಿ ಸೆಕ್ಷನ್ ಸರ್ವಿಸುಗಳನ್ನ ನಾವೇ ಹುಡುಕ್ಕೋಬಹುದು, ಮುಖ್ಯವಾಗಿ ಟೈಟಲ್ ಕಂಪನಿ, ಅಂದ್ರೆ ಮನೆಯ ಮಾಲೀಕತ್ವದ ದಾಖಲೆ ಪರಿಶೀಲಿಸಿ ಅದಕ್ಕೆ ಇನ್ಶೂರೆನ್ಸ್ ಪಾಲಿಸಿ ಕೊಡೋರು. ಸಾಲ ತಗೊಂಡ್ರೆ ಲೆಂಡರ್ ಪಾಲಿಸಿ ಹೆಚ್ಚುಕಮ್ಮಿ ಕಡ್ಡಾಯನೇ, ಓನರ್ ಪಾಲಿಸಿ ನಮ್ಮಿಷ್ಟ. ನಾಳೆ ಹಳೇ ಓನರ್‌ದು ಯಾವುದೋ ಬಾಕಿ ಮನೆ ಮೇಲೆ ಬಂದ್ರೆ ಲೆಂಡರ್ ಪಾಲಿಸಿ ಕಾಯೋದು ಲೆಂಡರನ್ನ, ನಮ್ಮನ್ನಲ್ಲ, ಅದಕ್ಕೇ ನಾನು ಎರಡೂ ತಗೊಂಡೆ.

20 ಪರ್ಸೆಂಟ್ ಡೌನ್ ಇಲ್ಲಾಂದ್ರೆ ಕನ್ವೆನ್ಶನಲ್ ಲೋನಿಗೆ (ಸರ್ಕಾರಿ ಯೋಜನೆದಲ್ಲದ ಸಾಮಾನ್ಯ ಸಾಲಕ್ಕೆ) ಪಿಎಂಐ, ಅಂದ್ರೆ ನಾವು ಕಂತು ತಪ್ಪಿಸಿದ್ರೆ ಲೆಂಡರನ್ನ ಕಾಯೋ ಇನ್ಶೂರೆನ್ಸ್, ಸೇರುತ್ತೆ, ಸಾಲ ಮನೆಯ ಮೂಲ ಬೆಲೆಯ 80 ಪರ್ಸೆಂಟಿಗೆ ಇಳಿದಾಗ ತೆಗೀರಿ ಅಂತ ನಾವೇ ಬರೆದು ಕೇಳ್ಬೇಕು.

ಕ್ಲೋಸಿಂಗ್‌ಗೆ 3 ಬಿಸಿನೆಸ್ ದಿನ ಮೊದಲೇ ಕ್ಲೋಸಿಂಗ್ ಡಿಸ್‌ಕ್ಲೋಶರ್, ಅಂದ್ರೆ ಖರ್ಚಿನ ಕೊನೇ ಪಟ್ಟಿ, ಕೈಗೆ ಬರ್ಬೇಕು, 5 ಪೇಜು. ಅದನ್ನ ಲೋನ್ ಎಸ್ಟಿಮೇಟ್ ಜೊತೆ ಇಟ್ಕೊಂಡು ಟಿಕ್ ಹಾಕ್ತಾ ಹೋದೆ, ಮನೆ ಒಪ್ಪಿಕೊಂಡಾಗ ಕೊಟ್ಟಿದ್ದ ಅರ್ನೆಸ್ಟ್ ಮನಿ (ಮುಂಗಡ) ಕಳೆದಿದಾರಾ ಅಂತಾನೂ ನೋಡ್ದೆ. ಇಮೇಲಲ್ಲಿ ಬಂದ ವೈರ್ (ಬ್ಯಾಂಕಿಂದ ದುಡ್ಡು ಕಳಿಸೋ) ಡೀಟೇಲ್ಸನ್ನ ಮಾತ್ರ ದಯವಿಟ್ಟು ಹಾಗೇ ನಂಬ್ಬೇಡಿ, ಕಳ್ಳರು ಟೈಟಲ್ ಕಂಪನಿ ಹೆಸರಲ್ಲೇ ಬೇರೆ ಅಕೌಂಟ್ ನಂಬರ್ ಕಳಿಸ್ತಾರೆ, ಹೋದ ದುಡ್ಡು ವಾಪಸ್ ಸಿಗೋದು ತುಂಬಾ ಕಷ್ಟ. ಮೊದಲಿಂದ ನನ್ನ ಹತ್ರ ಇದ್ದ ನಂಬರಿಗೆ ಫೋನ್ ಮಾಡಿ, ಅಕೌಂಟ್ ನಂಬರ್ ಒಂದೊಂದೇ ಅಂಕಿ ಓದ್ಸಿ ಸರಿ ಇದೆ ಅಂತ ಆದ್ಮೇಲೇನೇ ವೈರ್ ಮಾಡಿದ್ದು.