ಕಿಡಿ ಬರಲಿಲ್ಲ ಅಂದ ತಕ್ಷಣ ಕಾಯಿಲ್ ಬಿಚ್ಚಬೇಡಿ

ಹಳೇ ಪೆಟ್ರೋಲ್ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಸುತ್ತ ನಿಂತವರೆಲ್ಲ ಹೇಳುವ ಮಾತು ಒಂದೇ, ‘ಕಾಯಿಲ್ ಹೋಗಿರಬೇಕು’. ಕಾಯಿಲ್ ಅಂದರೆ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಡಬ್ಬಿ. ನಾನೂ ಹಾಗೆ ಹೇಳಿದವನೇ. ಒಂದು ನಾಲ್ಕು ಸಿಲಿಂಡರ್ ಎಂಜಿನ್‌ಗೆ ಎರಡು ಸಲ ಕಾಯಿಲ್ ಬದಲಾಯಿಸಿದೆ. ಆದರೂ ಕಿಡಿ ಮಂಕು. ಕೊನೆಗೆ ನೋಡಿದರೆ ಕರೆಂಟನ್ನು ಕ್ಷಣಕಾಲ ಹಿಡಿದಿಡುವ ಕಂಡೆನ್ಸರ್‌ನ ಅರ್ಥ್ (ಎಂಜಿನ್ ಮೈಗೆ ಸೇರುವ) ಸ್ಕ್ರೂ ಕೆಳಗೆ ಚೆನ್ನಾಗಿ ಬಣ್ಣ ಬಳಿದಿತ್ತು. ಬಳಿದವನೂ ನಾನೇ.

ಅವತ್ತಿನಿಂದ ನನ್ನದೊಂದು ಕ್ರಮ ಇದೆ. ಕಾಯಿಲ್ ಮೇಲೆ ಅನುಮಾನ ಪಡುವುದು ಆದಷ್ಟು ತಡವಾಗಿ. ಪಾಯಿಂಟ್, ಅಂದರೆ ಕರೆಂಟನ್ನು ಸೇರಿಸಿ ಕಡಿಯುವ ಪುಟ್ಟ ಸ್ವಿಚ್, ಕಾಯಿಲ್‌ನಿಂದ ಬೇರೆಯಾಗಿರುವ ಇಗ್ನಿಷನ್‌ನಲ್ಲಿ ಕಾಯಿಲ್‌ಗೆ ಅಲುಗಾಡುವ ಭಾಗವೇ ಇಲ್ಲ, ಮುಚ್ಚಿಟ್ಟ ಡಬ್ಬಿ ಅದು. ಸವೆಯುವುದು, ಸಡಿಲವಾಗುವುದು, ಮಸಿ ಹಿಡಿಯುವುದು ಎಲ್ಲ ಅದರ ಆಚೀಚೆ.

ಕಿಡಿ ಹುಟ್ಟುವುದು ಯಾವಾಗ?

ಕಾಯಿಲ್ ಒಳಗೆ ಕಬ್ಬಿಣದ ಒಂದು ಕಟ್ಟು, ಅದರ ಮೇಲೆ ಎರಡು ಥರದ ಸುತ್ತು. ಒಂದು ದಪ್ಪ ತಂತಿಯದು, ಕೆಲವು ನೂರು ಸುತ್ತು. ಇನ್ನೊಂದು ಕೂದಲಿನಂಥ ತಂತಿಯದು, ಅದರ ಸುಮಾರು 100 ಪಟ್ಟು. ಬ್ಯಾಟರಿಯ 6 ವೋಲ್ಟ್ ಕರೆಂಟು ದಪ್ಪ ತಂತಿಯಲ್ಲಿ ಹರಿದಾಗ ಕಬ್ಬಿಣ ಅಯಸ್ಕಾಂತವಾಗುತ್ತದೆ, ಅಷ್ಟೇ. ಆಗ ಕಿಡಿ ಬರುವುದಿಲ್ಲ. ಪಾಯಿಂಟ್ ತೆರೆದು ಕರೆಂಟು ಕಡಿದಾಗ ಬರುತ್ತದೆ. ಹರಿಯುತ್ತಿದ್ದದ್ದು ಒಮ್ಮೆಲೇ ನಿಂತರೆ ಅಯಸ್ಕಾಂತದ ಶಕ್ತಿ ಕುಸಿಯುತ್ತದೆ, ಆ ಕುಸಿತ ದಪ್ಪ ಸುತ್ತಿನಲ್ಲೇ 200-300 ವೋಲ್ಟ್ ಎಬ್ಬಿಸುತ್ತದೆ, ಸಣ್ಣ ಸುತ್ತಿನಲ್ಲಿ ಸಾವಿರಗಟ್ಟಲೆ ವೋಲ್ಟ್. ಅದು ಪ್ಲಗ್ಗಿನ ಸಂದಿ ಹಾರುತ್ತದೆ.

ಕಡಿತ ಎಷ್ಟು ಚುರುಕೋ ಕಿಡಿ ಅಷ್ಟು ಜೋರು. ಕಂಡೆನ್ಸರ್ ಇರುವುದೇ ಅದಕ್ಕೆ. ಪಾಯಿಂಟ್ ತೆರೆಯುವಾಗ ಕರೆಂಟು ಆ ಸಂದಿಯನ್ನೇ ಹಾರಿ ಹರಿಯಲು ನೋಡುತ್ತದೆ, ಆಗ ಕಂಡೆನ್ಸರ್ ಅದನ್ನು ತನ್ನೊಳಗೆ ಎಳೆದುಕೊಂಡು ಕಡಿತವನ್ನು ಪೂರ್ತಿ ಮಾಡುತ್ತದೆ. ಅದು ಕೈಕೊಟ್ಟರೆ ಪಾಯಿಂಟ್‌ನಲ್ಲಿ ದೊಡ್ಡ ಕಿಡಿ, ಪ್ಲಗ್ಗಿನಲ್ಲಿ ಬಡಪಾಯಿ ಕಿಡಿ. ಬಣ್ಣ ಅಡ್ಡ ಬಂದು ಕಂಡೆನ್ಸರ್‌ಗೆ ಅರ್ಥ್ ಸಿಗದೆ, ನನ್ನ ಬಣ್ಣದ ಕಥೆ ನಡೆದದ್ದು ಹೀಗೆ.

ಇದೆಲ್ಲ ಕಾರಿಗಿಂತ ಹಳೆಯ ವಿದ್ಯೆ. ಫ್ಯಾರಡೆ ಇದರ ತತ್ತ್ವ ಕಂಡದ್ದು 1831ರಲ್ಲಿ. ಐರ್ಲೆಂಡಿನ ನಿಕೊಲಸ್ ಕ್ಯಾಲನ್ ಎಂಬ ಪಾದ್ರಿ 1836ರಲ್ಲಿ ಇಂಡಕ್ಷನ್ ಕಾಯಿಲ್ ಕಟ್ಟಿದರು. ಅದಕ್ಕೆ ಕಂಡೆನ್ಸರ್ ಸೇರಿಸಿದವರು ಫ್ರಾನ್ಸಿನ ಫಿಜೋ, 1853ರಲ್ಲಿ. 1860ರ ಲೆನುವಾ ಗ್ಯಾಸ್ ಎಂಜಿನ್ ರುಮ್‌ಕಾರ್ಫ್ ಎಂಬವರ ಹೆಸರಿನ ಇಂಡಕ್ಷನ್ ಕಾಯಿಲ್‌ನ ಕಿಡಿಯಿಂದಲೇ ಓಡಿತು. ಬೆಂಜ್ ಅವರ ಮೂರು ಗಾಲಿಯ ಗಾಡಿಯಲ್ಲೂ ಬ್ಯಾಟರಿ, ಕಾಯಿಲ್ ಇದ್ದವು. 1888ರಲ್ಲಿ ಅವರ ಹೆಂಡತಿ ಬೆರ್ಟಾ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಅದೇ ಗಾಡಿಯನ್ನು ಓಡಿಸಿಕೊಂಡು ಹೋದಾಗ, ದಾರಿಯಲ್ಲಿ ಸವೆದ ಇಗ್ನಿಷನ್ ವಯರಿಗೆ ತಮ್ಮ ಕಾಲುಚೀಲದ ಪಟ್ಟಿ ಸುತ್ತಿ ರಿಪೇರಿ ಮಾಡಿದರು ಅಂತ ಹೇಳುತ್ತಾರೆ. ವಯರಿಂಗ್ ತಾಪತ್ರಯ ಅಷ್ಟು ಹಳೇದು!

ನಿಮ್ಮ ಎಂಜಿನ್ ಯಾವ ಜಾತಿ?

ಪಾನಾ ಎತ್ತುವ ಮೊದಲು ಇದನ್ನು ತಿಳಿದುಕೊಳ್ಳಿ. ಹೆಚ್ಚಾಗಿ ಸಿಗುವುದು ಮೂರು.

ಮೊದಲನೆಯದು ಗುಂಯ್‌ಗುಡುವ ಟ್ರೆಂಬ್ಲರ್ ಕಾಯಿಲ್. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ಇದಕ್ಕೆ ಹೆಸರುವಾಸಿ. ಸಿಲಿಂಡರಿಗೆ ಒಂದರಂತೆ ನಾಲ್ಕು ಮರದ ಡಬ್ಬಿಗಳು, ಪ್ರತಿಯೊಂದರ ತಲೆಯ ಮೇಲೂ ಕರೆಗಂಟೆಯ ಹಾಗೆ ಅದುರುವ ಪಾಯಿಂಟ್. ಯಾವ ಡಬ್ಬಿಗೆ ಯಾವಾಗ ಕರೆಂಟು ಅಂತ ಹೇಳುವುದು ಎಂಜಿನ್ ಮುಂದಿರುವ ಟೈಮರ್.

ಎರಡನೆಯದು ಮ್ಯಾಗ್ನೆಟೊ. ಬ್ಯಾಟರಿಯೇ ಬೇಡ, ಅಯಸ್ಕಾಂತ ತಿರುಗಿ ತನ್ನ ಕರೆಂಟು ತಾನೇ ಹುಟ್ಟಿಸುತ್ತದೆ. ಬಾಷ್ ಕಂಪನಿಯ ಗಾಟ್ಲೋಬ್ ಹೊನೊಲ್ಡ್ 1902ರಲ್ಲಿ ಪ್ಲಗ್ಗಿಗೆ ನೇರವಾಗಿ ಹೈ ವೋಲ್ಟೇಜ್ ಕೊಡುವ ಮ್ಯಾಗ್ನೆಟೊ ಮಾಡಿದ ಮೇಲೆ ಇದು ಎಲ್ಲೆಡೆ ಹಬ್ಬಿತು.

ಮೂರನೆಯದು ಒಂದೇ ಕಾಯಿಲ್, ಪಾಯಿಂಟ್, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಕ್ಯಾಡಿಲಾಕ್ ಕಾರಿಗೆ ಬಂತು. ಆಮೇಲೆ ದಶಕಗಟ್ಟಲೆ ಇದರದ್ದೇ ರಾಜ್ಯ.

ಇಲ್ಲೊಂದು ವಿಷಯ ನೆನಪಿಡಿ, ಇದು ಕೈ ಉಳಿಸುವ ವಿಷಯ. ಕಾಯಿಲ್ ಇಗ್ನಿಷನ್‌ನಲ್ಲಿ ಸ್ವಿಚ್ ವಯರ್ ಕಡಿದುಹೋದರೆ ಎಂಜಿನ್ ನಿಲ್ಲುತ್ತದೆ. ಮ್ಯಾಗ್ನೆಟೊದಲ್ಲಿ ಉಲ್ಟಾ: ಅಲ್ಲಿ ಆಫ್ ಮಾಡುವುದು ಅಂದರೆ ಅದನ್ನು ಅರ್ಥ್‌ಗೆ ಸೇರಿಸುವುದು. ಆ ವಯರ್ ಕಡಿದಿದ್ದರೆ ಸ್ವಿಚ್ ಆಫ್ ಇದ್ದರೂ ಎಂಜಿನ್ ಜೀವಂತ. ಸುಮ್ನೆ ಒಂದು ಸುತ್ತು ತಿರುಗಿಸೋಣ ಅಂತ ಕೈ ಹಾಕಿದರೆ ಹೊತ್ತಿಕೊಳ್ಳಬಹುದು. ತಿರುಗಿಸುವ ಕೆಲಸ ಇದ್ದರೆ ಮೊದಲು ಪ್ಲಗ್‌ಗಳನ್ನು ಬಿಚ್ಚಿ ಪಕ್ಕಕ್ಕಿಡಿ.

ಹುಡುಕಾಟ ಶುರು

ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ನನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೇಕಾದದ್ದು ಒಂದು ಚಿಕ್ಕ ಬಲ್ಬು, ಎರಡು ತುಂಡು ವಯರ್, ಸಂದಿ ಅಳೆಯುವ ಫೀಲರ್ ಗೇಜ್, ಒಂದು ಮೀಟರ್.

ಬಲ್ಬಿನ ಒಂದು ತುದಿಯನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಟರ್ಮಿನಲ್‌ಗೆ, ಇನ್ನೊಂದನ್ನು ಎಂಜಿನ್ ಮೈಗೆ ಕೊಡಿ. ಸ್ವಿಚ್ ಆನ್ ಮಾಡಿ, ಎಂಜಿನ್ನನ್ನು ನಿಧಾನ ತಿರುಗಿಸಿ. ಪಾಯಿಂಟ್ ಮುಚ್ಚಿದಾಗ ಬಲ್ಬು ಆರಬೇಕು, ತೆರೆದಾಗ ಹೊತ್ತಬೇಕು. ಹೊತ್ತೇ ಇದ್ದರೆ ಪಾಯಿಂಟ್ ಕೊಳೆಯಾಗಿದೆ ಅಥವಾ ಮುಚ್ಚಿಕೊಳ್ಳುತ್ತಿಲ್ಲ. ಹೊತ್ತುವುದೇ ಇಲ್ಲ ಅಂದರೆ ಕರೆಂಟು ಕಾಯಿಲ್‌ಗೇ ಬರುತ್ತಿಲ್ಲ, ಇಲ್ಲವೇ ಆ ಟರ್ಮಿನಲ್ ಎಲ್ಲೋ ಅರ್ಥ್‌ಗೆ ತಾಗಿದೆ. ಎರಡು ನಿಮಿಷದ ಕೆಲಸ, ಆದರೆ ಅರ್ಧ ರೋಗ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಸ್ವಿಚ್ ಆಫ್ ಮಾಡಲು ಮರೆಯಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಆನ್ ಬಿಟ್ಟು ಊಟಕ್ಕೆ ಹೋದರೆ ವಾಪಸ್ ಬರುವಷ್ಟರಲ್ಲಿ ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ, ಬ್ಯಾಟರಿಯೂ ಸೊರಗಿರುತ್ತದೆ.

ಪಾಯಿಂಟ್ ನೋಡುವಾಗ ಬೆಳಕು ಚೆನ್ನಾಗಿರಲಿ. ಎರಡು ಮುಖಗಳೂ ಮಾಸಲು ಬೂದು ಬಣ್ಣ ಇದ್ದರೆ ಆರೋಗ್ಯ. ಒಂದರಲ್ಲಿ ಗುಳಿ, ಎದುರಿನದರಲ್ಲಿ ಗುಬುಟು ಎದ್ದಿದ್ದರೆ ಕಂಡೆನ್ಸರ್ ಕಡೆ ಕಣ್ಣು ಹಾಯಿಸಿ. ಉಜ್ಜಿ ಸಮ ಮಾಡಿದ ಮೇಲೆ ಬಿಳಿ ಕಾಗದದ ಒಂದು ಪಟ್ಟಿಯನ್ನು ಮುಚ್ಚಿದ ಪಾಯಿಂಟ್ ನಡುವೆ ಎಳೆಯಿರಿ. ಮೊದಲ ಸಲ ಕಪ್ಪು ಗೆರೆ ಬರುತ್ತದೆ, ಎರಡನೇ ಸಲ ಮಸುಕು, ಕಾಗದ ಬೆಳ್ಳಗೇ ಬರುವವರೆಗೆ ಎಳೆಯುತ್ತಿರಿ. ಎಣ್ಣೆ ಬೆರಳಿನಿಂದ ಮುಟ್ಟಿದರೆ ಮತ್ತೆ ಮೊದಲಿನಿಂದ. ಗ್ಯಾಪ್ ಅಳೆಯುವುದು ಕ್ಯಾಮ್‌ನ ಏಣು ಪಾಯಿಂಟನ್ನು ಪೂರ್ತಿ ಎತ್ತಿದಾಗ. ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್, ನಿಮ್ಮ ಎಂಜಿನ್ ಪುಸ್ತಕ ಬೇರೆ ಹೇಳಿದರೆ ಅದೇ ಸರಿ.

ಕಂಡೆನ್ಸರನ್ನು ಮೀಟರಿನಲ್ಲಿ ಅಳೆದು ನಂಬುವುದು ಕಷ್ಟ. ತಣ್ಣಗಿದ್ದಾಗ ಸರಿ ತೋರಿಸಿ ಬಿಸಿಯಾದಾಗ ಕೈಕೊಡುವ ಕಂಡೆನ್ಸರ್‌ಗಳೇ ಜಾಸ್ತಿ. ಒಳ್ಳೆಯದು ಅಂತ ಗೊತ್ತಿರುವ ಇನ್ನೊಂದನ್ನು ಹಾಕಿ ನೋಡುವುದೇ ಸುಲಭ. ಹಾಕುವಾಗ ಸ್ಕ್ರೂ ಕೆಳಗಿನ ಲೋಹ ಹೊಳೆಯುವ ಹಾಗೆ ಕೆರೆಯಿರಿ. ಬಣ್ಣದ ಪಾಠ ನನಗೊಬ್ಬನಿಗೇ ಸಾಕು.

ಈಗ ಕಾಯಿಲ್ ಸರದಿ

ಕಾಯಿಲ್‌ನಿಂದ ಬರುವ ದಪ್ಪ ವಯರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ಕಿತ್ತು, ಒಣಗಿದ ಮರದ ಚಿಮಟದಲ್ಲಿ ಹಿಡಿದು, ತುದಿಯನ್ನು ಎಂಜಿನ್ ಬ್ಲಾಕಿನಿಂದ 5-6 ಮಿಲಿಮೀಟರ್ ದೂರ ಇಡಿ. ಸುತ್ತ ಪೆಟ್ರೋಲ್ ವಾಸನೆ ಇರಬಾರದು, ಇದು ಗಟ್ಟಿ ಮಾತು. ಎಂಜಿನ್ ತಿರುಗಿಸಿದರೆ ಚಟ್ ಚಟ್ ಅಂತ ನೀಲಿ ಕಿಡಿ ಹಾರಬೇಕು. ಹಳದಿ, ಸದ್ದಿಲ್ಲದ ಕಿಡಿ ಅಂದರೆ ದುರ್ಬಲ. ವಯರನ್ನು ತೀರಾ ದೂರ ಹಿಡಿದು ಎಷ್ಟು ಹಾರುತ್ತೆ ನೋಡೋಣ ಅಂತ ಆಟ ಆಡಬೇಡಿ. ಹೊರಗೆ ದಾರಿ ಸಿಗದ ವೋಲ್ಟೇಜ್ ಕಾಯಿಲ್ ಒಳಗೇ ಇನ್ಸುಲೇಷನ್ ತೂತು ಮಾಡಿಕೊಂಡು ಹೋಗುತ್ತದೆ, ಆಗ ನಿಜವಾಗಿಯೂ ಕಾಯಿಲ್ ಹೋಯಿತು.

ಮೀಟರಿನಲ್ಲಿ 6 ವೋಲ್ಟ್ ಕಾಯಿಲ್‌ನ ದಪ್ಪ ಸುತ್ತು ಸುಮಾರು 1.5 ಓಮ್ ಆಸುಪಾಸು, ಸಣ್ಣ ಸುತ್ತು ಕೆಲವು ಸಾವಿರ ಓಮ್ ತೋರಿಸಬೇಕು. ಸಣ್ಣ ಸುತ್ತು ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ.

ಜನ ಮರೆಯುವ ಇನ್ನೊಂದು ಸಂಗತಿ ಕಾಯಿಲ್‌ನ ಪ್ಲಸ್, ಮೈನಸ್. ಪ್ಲಗ್ಗಿನ ನಡುಕಡ್ಡಿ ಬಿಸಿಯಾಗಿರುತ್ತದೆ, ಬಿಸಿ ಲೋಹದಿಂದ ಎಲೆಕ್ಟ್ರಾನ್ ಸುಲಭವಾಗಿ ಹೊರಬೀಳುತ್ತದೆ. ಹಾಗಾಗಿ ಅದು ಮೈನಸ್ ಆಗಿರಬೇಕು. ಎರಡು ಸಣ್ಣ ವಯರ್ ಅದಲು ಬದಲಾದರೂ ಎಂಜಿನ್ ಓಡುತ್ತದೆ, ಆದರೆ ಜಾಸ್ತಿ ವೋಲ್ಟೇಜ್ ಬೇಕಾಗಿ ಲೋಡ್ ಬಿದ್ದಾಗ ಮಿಸ್ ಹೊಡೆಯುತ್ತದೆ. ನೋಡಲು ಹಳೇ ಉಪಾಯ ಸೀಸದಕಡ್ಡಿ. ಪ್ಲಗ್ ಮತ್ತು ವಯರ್ ತುದಿಯ ನಡುವಿನ ಕಿಡಿಯಲ್ಲಿ ಪೆನ್ಸಿಲ್ ಮೊನೆ ಹಿಡಿದರೆ ಕಿತ್ತಳೆ ಬಣ್ಣದ ಗರಿಯೊಂದು ಪ್ಲಗ್ ಕಡೆ ಚಾಚುತ್ತದೆ. ವಯರ್ ಕಡೆ ಚಾಚಿದರೆ ಉಲ್ಟಾ ಅಂತ ಅರ್ಥ. ಪೆನ್ಸಿಲ್ಲನ್ನು ಬರಿಗೈಯಲ್ಲಿ ಹಿಡಿಯಬೇಡಿ, ಸೀಸದಲ್ಲೂ ಕರೆಂಟು ಹರಿಯುತ್ತದೆ.

ವಯರಿಂಗ್: ಕತ್ತಲಲ್ಲಿ ನೋಡಿ

ಹಳೇ ವಯರ್‌ಗಳು ಒಳಗೆ ತಾಮ್ರದ ಎಳೆ, ಮೇಲೆ ರಬ್ಬರ್, ಅದರ ಮೇಲೆ ವಾರ್ನಿಷ್ ಹಚ್ಚಿದ ಹತ್ತಿ ಹೆಣಿಗೆ. ರಬ್ಬರ್ ಒಣಗಿ ಬಿರುಕು ಬಿಟ್ಟಿರುವುದು ಹಗಲಲ್ಲಿ ಕಾಣುವುದಿಲ್ಲ. ಎಂಜಿನ್ ಹೇಗೋ ಓಡುತ್ತಿದ್ದರೆ ರಾತ್ರಿ ದೀಪ ಆರಿಸಿ ಬಾನೆಟ್ ತೆರೆದು ನೋಡಿ. ಸೋರುತ್ತಿರುವ ಜಾಗದಲ್ಲಿ ನೀಲಿ ಹೊಳಪು ತೆವಳುತ್ತಿರುತ್ತದೆ, ಕೆಲವು ಕಡೆ ಸಣ್ಣ ಕಿಡಿ ಬ್ಲಾಕಿಗೆ ನೆಗೆಯುತ್ತಿರುತ್ತದೆ. ನೋಡಲು ಚೆಂದ, ಎಂಜಿನ್‌ಗೆ ಕೇಡು.

ಬದಲಾಯಿಸುವಾಗ ಈಗಿನ ಕಾರಿನ ಕಾರ್ಬನ್ ಎಳೆಯ ವಯರ್ ತರಬೇಡಿ. ಹಳೇ ಕ್ಯಾಪುಗಳಲ್ಲಿ ವಯರನ್ನು ಚುಚ್ಚಿ ಹಿಡಿಯುವ ಸ್ಕ್ರೂ ಇರುತ್ತದೆ, ಅದಕ್ಕೆ ತಾಮ್ರದ ಎಳೆಯೇ ಬೇಕು. ಕಾರ್ಬನ್ ಎಳೆ ಅದರ ಹಿಡಿತಕ್ಕೆ ಪುಡಿಯಾಗುತ್ತದೆ. ವಯರ್‌ಗಳನ್ನು ಒಟ್ಟಿಗೆ ಕಟ್ಟಿ ಅಂದ ಮಾಡುವ ಆಸೆಯೂ ಬೇಡ. ಒಂದರ ಪಕ್ಕ ಒಂದು ಉದ್ದಕ್ಕೆ ಹೋದರೆ ಒಂದರ ಕಿಡಿ ಇನ್ನೊಂದರಲ್ಲೂ ಏಳುತ್ತದೆ, ತಪ್ಪು ಹೊತ್ತಿಗೆ ಸಿಲಿಂಡರ್ ಹೊತ್ತುತ್ತದೆ.

ಇನ್ನು ಜೋಡಿಸುವ ಕ್ರಮ. ಒಂದನೇ ಸಿಲಿಂಡರ್ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಎಂಜಿನ್ ತಿರುಗಿಸಿ. ಗಾಳಿ ಹೆಬ್ಬೆರಳನ್ನು ಹೊರಗೆ ತಳ್ಳಲು ಶುರುವಾದರೆ ಅದು ಕಂಪ್ರೆಷನ್ ಹೊಡೆತ. ಅಲ್ಲಿಂದ ಪಿಸ್ಟನ್ ಮೇಲಕ್ಕೆ ಬರುವವರೆಗೆ ತಿರುಗಿಸಿ ನಿಲ್ಲಿಸಿ. ಈಗ ಕ್ಯಾಪ್ ತೆಗೆದು ಅದರೊಳಗೆ ತಿರುಗುವ ರೋಟರ್ ಯಾವ ಕಡೆ ಮುಖ ಮಾಡಿದೆ ನೋಡಿ, ಒಂದನೇ ವಯರ್ ಅಲ್ಲಿಗೆ. ರೋಟರ್ ತಿರುಗುವ ದಿಕ್ಕಿನಲ್ಲೇ ಉಳಿದವು, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಹೊತ್ತುವ ಸರದಿ) ಪ್ರಕಾರ. ನಾಲ್ಕು ಸಿಲಿಂಡರಿನಲ್ಲಿ 1-3-4-2 ಅಥವಾ 1-2-4-3. ಮಾಡೆಲ್ ಟಿ ಎರಡನೇ ಗುಂಪಿನದು. ಗಾಳಿ ತಳ್ಳದ ಸುತ್ತಿನಲ್ಲಿ ಪಿಸ್ಟನ್ ಮೇಲೆ ಬಂದದ್ದನ್ನೇ ನಂಬಿ ಜೋಡಿಸಿದರೆ ಎಲ್ಲ ವಯರೂ ಒಂದು ಸುತ್ತು ತಪ್ಪುತ್ತವೆ, ಎಂಜಿನ್ ಕಾರ್ಬುರೇಟರ್ ಮೂಲಕ ಕೆಮ್ಮಿ ಬಯ್ಯುತ್ತದೆ.

ಪ್ಲಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಎಣ್ಣೆ ಮಸಿ ಇದ್ದರೆ ಪಿಸ್ಟನ್ ರಿಂಗ್ ಕಡೆ ನೋಡಿ. ಪಿಂಗಾಣಿಯಲ್ಲಿ ಕೂದಲೆಳೆ ಬಿರುಕಿದ್ದರೂ ಎಸೆಯಿರಿ. ಗ್ಯಾಪ್ 0.6-0.7 ಮಿಲಿಮೀಟರ್ ಸುಮಾರಿಗೆ ಇದ್ದರೆ ಹಳೇ ಕಾಯಿಲ್‌ಗೆ ಭಾರವಾಗುವುದಿಲ್ಲ.

ಮಾಡೆಲ್ ಟಿ ಇದ್ದವರಿಗೆ

ಇಲ್ಲಿ ಕಾಯಿಲ್ ಪರೀಕ್ಷೆ ಇನ್ನೂ ಸುಲಭ, ಯಾಕಂದರೆ ನಾಲ್ಕು ಡಬ್ಬಿಯೂ ಒಂದೇ ಥರ. ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆಯಾ? ಎಂಜಿನ್ ನಿಲ್ಲಿಸಿ, ಮೂರನೇ ಡಬ್ಬಿಯನ್ನು ಒಂದನೇ ಜಾಗಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿ. ಮಿಸ್ ಒಂದಕ್ಕೆ ಬಂದರೆ ಡಬ್ಬಿಯದೇ ತಪ್ಪು. ಮೂರರಲ್ಲೇ ಉಳಿದರೆ ಪ್ಲಗ್, ವಯರ್ ಅಥವಾ ಟೈಮರ್. ಅದುರುವ ಪಾಯಿಂಟನ್ನು ಬರೀ ಸದ್ದು ಕೇಳಿ ತಿರುಚಬೇಡಿ. ಡಬ್ಬಿ ಸುಮಾರು 1.3 ಆಂಪಿಯರ್ ಎಳೆಯುವ ಹಾಗೆ ಮೀಟರ್ ಇಟ್ಟು ಹೊಂದಿಸಬೇಕು. ನಾಲ್ಕೂ ಒಂದೇ ಸಮ ಇಲ್ಲದಿದ್ದರೆ ಒಂದು ಬೇಗ, ಒಂದು ತಡ ಕಿಡಿ ಕೊಟ್ಟು ಎಂಜಿನ್ ಕುಂಟುತ್ತದೆ. ಈ ಗಾಡಿಯ ಡಬ್ಬಿಗಳಿಗೆ ಕರೆಂಟು ಕೊಡಲು ಫ್ಲೈವೀಲ್‌ನಲ್ಲೇ ಒಂದು ಮ್ಯಾಗ್ನೆಟೊ ಇದೆ. ಬ್ಯಾಟರಿ ವಯರನ್ನಂತೂ ಅಪ್ಪಿತಪ್ಪಿಯೂ ಅದರ ಟರ್ಮಿನಲ್‌ಗೆ ತಾಗಿಸಬೇಡಿ, ಫ್ಲೈವೀಲ್ ಮೇಲಿನ 16 ಅಯಸ್ಕಾಂತಗಳು ಶಕ್ತಿ ಕಳೆದುಕೊಳ್ಳುತ್ತವೆ.

ಎಲ್ಲ ಮುಗಿದು ಹ್ಯಾಂಡಲ್ ಹಾಕುವ ಮುಂಚೆ ಸ್ಟೀರಿಂಗ್‌ನ ಎಡಗಡೆ ಇರುವ ಸ್ಪಾರ್ಕ್ ಸನ್ನೆಯನ್ನು (ಲಿವರ್) ಪೂರ್ತಿ ಮೇಲಕ್ಕೆ ತಳ್ಳಿ. ಮೇಲೆ ಅಂದರೆ ಕಿಡಿ ತಡ. ಬೇಗ ಬಂದರೆ ಪಿಸ್ಟನ್ ಹಿಂದಕ್ಕೆ ಒದೆಯುತ್ತದೆ, ಆ ಒದೆತಕ್ಕೆ ಆ ಕಾಲದಲ್ಲಿ ಎಷ್ಟೋ ಜನರ ಮಣಿಕಟ್ಟು ಮುರಿದಿದೆ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಸುತ್ತದೆ ಉಳಿದ ಬೆರಳುಗಳ ಜೊತೆಗೇ ಇಡಿ, ಎಡಗೈಯಲ್ಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಎಂಜಿನ್ ಹೊತ್ತಿಕೊಂಡ ಮೇಲೆ ಸನ್ನೆಯನ್ನು ಮೆಲ್ಲಗೆ ಕೆಳಗಿಳಿಸಿ. ಸದ್ದು ಹಗುರಾಗಿ ಓಟ ಸಮ ಆಗುವ ಒಂದು ಜಾಗ ಸಿಗುತ್ತದೆ, ಅಲ್ಲಿ ಬಿಡಿ.