ಕಾಸು ಕೊಟ್ಟು ಪಡೆದ ಸಲಹೆ

ನಮ್ಮ ಮನೆಗೆ ಹಣದ ಸಲಹೆ ಕೊಡುವವರ ಬರ ಯಾವತ್ತೂ ಇರಲಿಲ್ಲ. ಭಾವ ವಿಮಾ ಏಜೆಂಟ್. ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್ ಆಗಾಗ ಫೋನ್ ಮಾಡಿ ಯೋಗಕ್ಷೇಮ ಕೇಳುತ್ತಿದ್ದರು. ಮ್ಯೂಚುವಲ್ ಫಂಡ್ ಮಾಡಿಸಿಕೊಟ್ಟವರು ದೀಪಾವಳಿಗೆ ಸ್ವೀಟ್ ಬಾಕ್ಸ್ ಕಳಿಸುತ್ತಿದ್ದರು. ಎಲ್ಲವೂ ಪುಕ್ಕಟೆ. ಅತ್ತೆಯವರು ಶಾಲೆಯಿಂದ ನಿವೃತ್ತರಾಗಿ ಒಂದಿಷ್ಟು ಗಂಟು ಕೈಗೆ ಬಂದಾಗ ಮೂವರೂ ಮೂರು ದಾರಿ ತೋರಿಸಿದರು. ಮೂರೂ ಅವರವರು ಮಾರುವ ಸರಕಿನ ಕಡೆಗೇ ಹೋಗುತ್ತಿದ್ದವು. ಅರವತ್ತು ದಾಟಿದ ಹೆಂಗಸಿಗೆ ಹತ್ತು ವರ್ಷ ಪ್ರೀಮಿಯಂ ಕಟ್ಟುವ ಪಾಲಿಸಿ ಯಾಕೆ ಅಂತ ಕೇಳಿದರೆ ಯಾರ ಹತ್ತಿರವೂ ಸರಿಯಾದ ಉತ್ತರವಿರಲಿಲ್ಲ.

ಪುಕ್ಕಟೆ ಸಲಹೆಯ ಬೆಲೆ ಎಷ್ಟು ಅಂತ ತಿಳಿದದ್ದು ನಮ್ಮದೇ ಸಿಎಎಸ್‌ನಿಂದ. ಎಲ್ಲ ಫಂಡ್‌ಗಳ ಲೆಕ್ಕ ಒಟ್ಟಾಗಿ ಇಮೇಲ್‌ಗೆ ಬರುತ್ತದಲ್ಲ, ಅದು. ಪ್ಯಾನ್ ಹಾಕಿ ತೆರೆದು ಒಟ್ಟು ಮೊತ್ತ ನೋಡಿ ಮುಚ್ಚುವುದು ರೂಢಿ. ಸೆಪ್ಟೆಂಬರ್ ಮತ್ತು ಮಾರ್ಚ್ ಅಂತ್ಯದ ಅರ್ಧವಾರ್ಷಿಕ ಪ್ರತಿಯಲ್ಲಿ, ಪ್ರತಿ ಫಂಡಿನ ಎದುರು ವಿತರಕರಿಗೆ, ಅಂದರೆ ಫಂಡ್ ಮಾಡಿಸಿಕೊಟ್ಟವರಿಗೆ, ಸಂದ ಕಮಿಷನ್ ರೂಪಾಯಿ ಲೆಕ್ಕದಲ್ಲೇ ಇರುತ್ತದೆ. 2016ರಿಂದ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇದನ್ನು ಕಡ್ಡಾಯ ಮಾಡಿದೆ. ನಮ್ಮ ಒಂಬತ್ತು ಲಕ್ಷ ಚಿಲ್ಲರೆಗೆ ಆರು ತಿಂಗಳಲ್ಲಿ ಹೋಗಿದ್ದು 3,800 ರೂಪಾಯಿಯ ಆಸುಪಾಸು. ಹಣ ಬೆಳೆದಂತೆ ಇದೂ ಬೆಳೆಯುತ್ತದೆ. ವಿತರಕರು ಕಳ್ಳರು ಅಂತ ನಾನು ಹೇಳುತ್ತಿಲ್ಲ, ಅದು ಅವರ ಕಾನೂನುಬದ್ಧ ಸಂಪಾದನೆ. ಆದರೆ ಅವರಿಗೆ ಸಂಬಳ ಕೊಡುವವರು ಫಂಡ್ ಕಂಪನಿಯವರು, ನಾವಲ್ಲ.

ಹಾಗಾಗಿ ನಮ್ಮ ಕೈಯಿಂದಲೇ ಫೀಸು ಪಡೆಯುವವರನ್ನು ಹುಡುಕಿದೆ. ಸೆಬಿ 2013ರ ನಿಯಮಗಳಡಿ ಹೂಡಿಕೆ ಸಲಹೆಗಾರರನ್ನು ನೋಂದಾಯಿಸುತ್ತದೆ. ಅವರ ನೋಂದಣಿ ಸಂಖ್ಯೆ ಐಎನ್‌ಎ ಅಂತ ಶುರುವಾಗುತ್ತದೆ. ಎಆರ್‌ಎನ್ ಅಂತ ಇದ್ದರೆ ಫಂಡ್ ವಿತರಕರು. ಐಎನ್‌ಎಚ್ ಅಂದರೆ ರಿಸರ್ಚ್ ಅನಲಿಸ್ಟ್. ಶೇರು ಸೂಚಿಸುತ್ತಾರೆ, ಮನೆಯ ಪೂರ್ತಿ ಲೆಕ್ಕ ನೋಡುವ ಕೆಲಸ ಅವರದಲ್ಲ. ಟೆಲಿಗ್ರಾಂನಲ್ಲಿ "ಸೆಬಿ ರಿಜಿಸ್ಟರ್ಡ್" ಅಂತ ಬೋರ್ಡು ಹಾಕಿಕೊಂಡವರ ನಂಬರ್ ಕೇಳಿ ನೋಡಿ, ಅರ್ಧ ಜನ ಅಲ್ಲೇ ಜಾರಿಕೊಳ್ಳುತ್ತಾರೆ. ಕೊಟ್ಟ ನಂಬರನ್ನು ಸೆಬಿ ಜಾಲತಾಣದ ಪಟ್ಟಿಯಲ್ಲಿ ಹಾಕಿ, ಹೆಸರೂ ವಿಳಾಸವೂ ತಾಳೆಯಾಗುತ್ತವೆಯೇ ಅಂತ ನಾನೇ ನೋಡಿದೆ.

ಶಿವಮೊಗ್ಗದಲ್ಲಿ ನಮಗೆ ಹೊಂದುವವರು ಸಿಗಲಿಲ್ಲ. ಬೆಂಗಳೂರಿನವರೊಬ್ಬರ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದೆವು. ಮೊದಲೇ ಕೇಳಿಬಿಟ್ಟೆ: "ಮೇಡಂ, ನಮ್ಮಿಂದ ಬರುವ ಫೀಸು ಬಿಟ್ಟು ಬೇರೆ ಎಲ್ಲಿಂದಾದರೂ ನಿಮಗೆ ಹಣ ಬರುತ್ತಾ? ಮನೆಯವರು ಯಾರಾದರೂ ಇನ್ಶೂರೆನ್ಸ್ ಮಾಡಿಸ್ತಾರಾ?" ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ಲ ಅಂತ ಒಪ್ಪಂದದಲ್ಲೇ ಬರೆದುಕೊಡ್ತೀನಿ, ಓದಿ ಸಹಿ ಮಾಡಿ" ಅಂದರು. ಒಂದೇ ಕುಟುಂಬಕ್ಕೆ ಸಲಹೆಯನ್ನೂ ಕೊಟ್ಟು, ಕಮಿಷನ್ ಬರುವ ಫಂಡನ್ನೂ ಮಾರುವಂತಿಲ್ಲ ಅಂತ 2020ರಿಂದ ನಿಯಮವೇ ಇದೆ. ನಿಗದಿತ ಫೀಸಿನ ಮಿತಿ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿ. ನಮಗೆ ಬಿದ್ದದ್ದು 18,000. ಬ್ಯಾಂಕ್ ಖಾತೆಯಿಂದಲೇ ಕಳಿಸಿ ರಸೀದಿ ತೆಗೆದುಕೊಂಡೆ.

ಮೊದಲ ದಿನ ಒಂದು ಫಂಡಿನ ಹೆಸರನ್ನೂ ಅವರು ಎತ್ತಲಿಲ್ಲ. ಸಾಲ, ಮಗಳ ಓದು, ಅತ್ತೆಯವರ ಬಿಪಿ ಮಾತ್ರೆಯ ಖರ್ಚು, ಆರೋಗ್ಯ ವಿಮೆ, ಯಾವ ಖಾತೆಗೆ ಯಾರು ನಾಮಿನಿ – ಇದೇ ವಿಚಾರಣೆ. ನಮ್ಮ ಯಜಮಾನರಿಗೆ "ಇದೇನು, ಹೆಣ್ಣು ನೋಡೋಕೆ ಬಂದ ಹಾಗಿದೆ" ಅನ್ನಿಸಿತ್ತು. ನನಗಂತೂ ಆ ಪ್ರಶ್ನೆಗಳಿಗೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಆಮೇಲೆ ಬಂದ ಸಲಹೆಯಲ್ಲಿ ಬೆರಗಾಗುವಂಥದ್ದು ಏನೂ ಇರಲಿಲ್ಲ. ಹೊಸ ಎಸ್‌ಐಪಿಗಳನ್ನು, ಅಂದರೆ ಫಂಡಿಗೆ ಕಂತಿನಲ್ಲಿ ಕಟ್ಟುವ ಹಣವನ್ನು, ವಿತರಕರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ನಲ್ಲಿ ಶುರು ಮಾಡಿ. ಕಮಿಷನ್ ಸೇರಿರುವ ಹಳೆಯ ರೆಗ್ಯುಲರ್ ಪ್ಲಾನ್ ಯೂನಿಟ್‌ಗಳನ್ನು ಒಂದೇ ಸಲ ಬದಲಾಯಿಸಬೇಡಿ, ಬದಲಾವಣೆಯನ್ನೂ ಮಾರಾಟ ಅಂತಲೇ ತೆರಿಗೆ ಇಲಾಖೆ ಎಣಿಸುತ್ತದೆ ಅಂದರು. ಶೇರು ಫಂಡಿನ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ 12.5%. ಅದಕ್ಕೇ ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಅಂತ ಎರಡು ಆರ್ಥಿಕ ವರ್ಷಕ್ಕೆ ಹಂಚಿದೆವು.

ಕಷ್ಟವಾದದ್ದು ಭಾವನಿಗೆ ಹೇಳುವುದು. ನೆಂಟಸ್ತಿಕೆಯಲ್ಲಿ ಲೆಕ್ಕದ ಮಾತು ಎತ್ತಿದರೆ ಮುಖ ಸಣ್ಣದಾಗುತ್ತದೆ. "ಭಾವ, ಇವರಿಗೆ ಟರ್ಮ್ ಇನ್ಶೂರೆನ್ಸ್ ಬೇಕಂತೆ, ಅದನ್ನ ನಿಮ್ಮ ಹತ್ರಾನೇ ಮಾಡಿಸ್ತೀವಿ. ಅತ್ತೆ ದುಡ್ಡಿಗೆ ಮಾತ್ರ ಪಾಲಿಸಿ ಬೇಡ" ಅಂದೆ. ಸ್ವಲ್ಪ ದಿನ ಬಿಗುಮಾನ ಇತ್ತು. ಗೌರಿ ಹಬ್ಬಕ್ಕೆ ಎಂದಿನಂತೆ ಬಂದರು.

ಅತ್ತೆಯವರ ಹಣದ ದೊಡ್ಡ ಪಾಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು. ನಾವು ಇಟ್ಟಾಗ ಬಡ್ಡಿ 8.2%, ಮಿತಿ 30 ಲಕ್ಷ, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬೀಳುತ್ತದೆ. ಇದರಲ್ಲಿ ಯಾರಿಗೂ ಕಮಿಷನ್ ಇಲ್ಲ. ಮೊದಲು ಬಂದ ಮೂವರಲ್ಲಿ ಒಬ್ಬರೂ ಇದರ ಹೆಸರೆತ್ತಿರಲಿಲ್ಲ. ಎರಡನೇ ವರ್ಷಕ್ಕೆ ಒಪ್ಪಂದ ಮುಂದುವರಿಸಬೇಕಾ ಅಂತ ಸಲಹೆಗಾರರನ್ನೇ ಕೇಳಿದೆ. "ಈಗೇನೂ ಬೇಡ, ಮಗಳು ಪಿಯುಸಿ ಮುಗಿಸಿದ ಮೇಲೆ ಒಂದು ಸಲ ನೋಡೋಣ" ಅಂದರು.